ದೂರ ಎನ್ನಬಾರದ ಊರು

2018ರ ಏಪ್ರಿಲ್ 27ರಂದು ಗಡಿಯ ಮೇಲಿನ ಪನ್ಮುಂಜೋಮ್‌ನಲ್ಲಿ ಎರಡು ಕೊರಿಯಾಗಳ ನಾಯಕರು ಎದುರುಬದುರು ಕೂತರು. ಉತ್ತರದ ಕಿಮ್ ಜಾಂಗ್ ಉನ್ ಆರಂಭದ ಮಾತುಗಳಲ್ಲೇ ಊಟದ ಸುದ್ದಿ ತೆಗೆದರು. ಸಂಜೆಯ ಔತಣಕ್ಕೆ ಪ್ಯಾಂಗ್ಯಾಂಗಿನ ಹೆಸರುವಾಸಿ ತಣ್ಣನೆಯ ಶಾವಿಗೆ, ಅಲ್ಲಿಯವರು ನ್ಯಾಂಗ್‌ಮ್ಯೊನ್ ಅನ್ನುವುದನ್ನು, ಕಷ್ಟಪಟ್ಟು ತಂದಿದ್ದೇವೆ ಎಂದರು. ದೂರದಿಂದ ಬಂದ ಶಾವಿಗೆ ಎನ್ನುತ್ತ ಅರ್ಧಕ್ಕೆ ತಡೆದು, ಅಲ್ಲ, ದೂರ ಎನ್ನಬಾರದು ಎಂದು ತಮ್ಮನ್ನೇ ತಿದ್ದಿಕೊಂಡರು. ದಕ್ಷಿಣದ ಅಧ್ಯಕ್ಷ ಮೂನ್ ಜೇ ಇನ್ ನಕ್ಕರು. ಟಿ.ವಿ. ಮುಂದೆ ಕೂತಿದ್ದ ಸೋಲ್ ನಗರವೂ ನಕ್ಕಿತು. ಅಂದು ಮಧ್ಯಾಹ್ನ ಸೋಲ್‌ನ ಶಾವಿಗೆ ಅಂಗಡಿಗಳ ಮುಂದೆ ಉದ್ದುದ್ದ ಸಾಲು.

ಆ ಶಾವಿಗೆ ಬಂದ ಬಗೆಯನ್ನು ಸ್ವಲ್ಪ ನೋಡಬೇಕು. ಹುರುಳಿಗೋಧಿ ಎಂಬ ಕಪ್ಪು ಧಾನ್ಯದ ಹಿಟ್ಟಿನಿಂದ ಒತ್ತುವ ಈ ಶಾವಿಗೆ ಹೊತ್ತು ಮೀರಿದರೆ ಮುದ್ದೆಗಟ್ಟುತ್ತದೆ. ಹಾಗಾಗಿ ಪ್ಯಾಂಗ್ಯಾಂಗಿನ ಓಕ್ರ್ಯು ಗ್ವಾನ್ ಹೋಟೆಲಿನ ಬಾಣಸಿಗರನ್ನೂ ಶಾವಿಗೆ ಒತ್ತುವ ಯಂತ್ರವನ್ನೂ ಗಡಿಯವರೆಗೆ ತಂದು, ಉತ್ತರದ ಬದಿಯ ಕಟ್ಟಡವೊಂದರಲ್ಲಿ ಒಲೆ ಹೂಡಿ, ಒತ್ತಿದ್ದನ್ನು ಒತ್ತಿದ ಹಾಗೇ ದಕ್ಷಿಣದ ಬದಿಯ ಊಟದ ಮನೆಗೆ ಸಾಗಿಸಿದರು. ಒಂದು ಬಟ್ಟಲು ಶಾವಿಗೆ ಗೆರೆ ದಾಟಲು ಎರಡು ಸರ್ಕಾರಗಳು ಕೂತು ಮಾತಾಡಬೇಕಾಯಿತು.

ನಿಜಕ್ಕೂ ಎಷ್ಟು ದೂರ? ಸೋಲ್‌ನಿಂದ ಪ್ಯಾಂಗ್ಯಾಂಗಿಗೆ ನೇರ ಗೆರೆ ಎಳೆದರೆ ಸುಮಾರು 195 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋದಷ್ಟು. ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದಾದ ಊರು. ಸೋಲ್‌ನಿಂದ ಬುಸಾನ್‌ಗೆ ನಾನೂರು ಕಿಲೋಮೀಟರ್ ದಾರಿಯನ್ನು ವೇಗದ ರೈಲು ಎರಡೂವರೆ ಗಂಟೆಯೊಳಗೆ ಮುಗಿಸುತ್ತದೆ. ಅದೇ ರೈಲು ಉತ್ತರಕ್ಕೆ ಮುಖ ಮಾಡಿದರೆ ಪ್ಯಾಂಗ್ಯಾಂಗ್ ಒಂದು ಗಂಟೆಯ ಆಸುಪಾಸಿನ ಪಯಣ. 2018ರ ಸೆಪ್ಟೆಂಬರಿನಲ್ಲಿ ಮೂನ್ ವಿಮಾನದಲ್ಲಿ ಹೋದಾಗ, ಗಡಿಯ ಮೇಲೆ ನೇರವಾಗಿ ಹಾರುವಂತಿಲ್ಲವೆಂದು ಪಶ್ಚಿಮದ ಸಮುದ್ರದ ಮೇಲೆ ಸುತ್ತು ಹಾಕಿಯೂ ಹಿಡಿದದ್ದು ಒಂದು ಗಂಟೆಯಷ್ಟೇ.

ಇದು ಅಧ್ಯಕ್ಷರ ಲೆಕ್ಕ. ಸೋಲ್‌ನ ಸಾಮಾನ್ಯ ಮನುಷ್ಯನೊಬ್ಬ ಪ್ಯಾಂಗ್ಯಾಂಗಿಗೆ ಹೋಗಲು ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಉತ್ತರವೇ ಇಲ್ಲ. ಎರಡೂ ಸರ್ಕಾರಗಳ ಅಪ್ಪಣೆಯಿಲ್ಲದೆ ಹೋಗುವಂತಿಲ್ಲ. ಅಪ್ಪಣೆ ಸಿಕ್ಕ ಕಾಲದಲ್ಲೂ ಹೆಚ್ಚಿನವರು ಬೀಜಿಂಗ್ ಸುತ್ತಿಕೊಂಡೇ ಹೋಗಬೇಕಿತ್ತು. ಆ ಕಡೆಗೆ ಕಾಗದ ಬರೆದರೆ ಅಂಚೆ ಮುಟ್ಟುವುದಿಲ್ಲ. ಫೋನಿಗೆ ಸಂಪರ್ಕವಿಲ್ಲ. ನಮ್ಮ ದೇಶಕ್ಕೆ 1973ರಿಂದ ಎರಡೂ ಕೊರಿಯಾಗಳೊಡನೆ ರಾಯಭಾರ ಸಂಬಂಧವಿದೆ. ಎರಡೂ ರಾಜಧಾನಿಗಳಲ್ಲಿ ಭಾರತದ ಧ್ವಜ ಹಾರುತ್ತದೆ. ಭಾರತದ ಪಾಸ್‌ಪೋರ್ಟ್ ಹಿಡಿದವನೊಬ್ಬ ಅದೃಷ್ಟವಿದ್ದರೆ ಎರಡೂ ಊರುಗಳನ್ನು ನೋಡಿ ಬರಬಹುದು. ಆ ಎರಡು ಊರುಗಳಿಗೆ ಸೇರಿದವರಿಗೆ ಮಾತ್ರ ಅದು ಆಗದು. ಈ ಅನ್ಯಾಯ ನನ್ನನ್ನು ಕಾಡುತ್ತದೆ.

ಹಿಂದೆ ಹೀಗಿರಲಿಲ್ಲ. ಸೋಲ್‌ನಿಂದ ಕೇಸಾಂಗ್, ಪ್ಯಾಂಗ್ಯಾಂಗ್ ಹಾದು ಯಾಲು ನದಿಯ ದಂಡೆಯ ಉಯಿಜುವಿಗೆ ಹೋಗುವ ಹಾದಿ ಜೊಸೊನ್ ರಾಜರ ಕಾಲದ ಹೆದ್ದಾರಿ. ಚೀನಾಕ್ಕೆ ಹೋಗುವ ರಾಜದೂತರೂ ವ್ಯಾಪಾರಿಗಳೂ ಹಿಡಿಯುತ್ತಿದ್ದದ್ದು ಅದನ್ನೇ. 1780ರಲ್ಲಿ ಚೀನಾದ ಚಕ್ರವರ್ತಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಹೊರಟ ದಂಡಿನೊಡನೆ ಪಾಕ್ ಜಿ ವೊನ್ ಎಂಬ ವಿದ್ವಾಂಸ ಈ ದಿಕ್ಕಿನಲ್ಲೇ ಹೋಗಿ ಬರೆದ ಪ್ರವಾಸಕಥನ ಇಂದಿಗೂ ಕೊರಿಯಾದ ದೊಡ್ಡ ಪುಸ್ತಕಗಳಲ್ಲಿ ಒಂದು. ಗಟ್ಟಿ ಕಾಲಿನವನಿಗೆ ಸೋಲ್‌ನಿಂದ ಪ್ಯಾಂಗ್ಯಾಂಗ್ ಒಂದು ವಾರದ ನಡಿಗೆ.

ರೈಲು ಬಂದದ್ದು ಒಳ್ಳೆಯ ಉದ್ದೇಶದಿಂದಲ್ಲ. ರಷ್ಯದ ಮೇಲೆ ಯುದ್ಧಕ್ಕೆ ಹೊರಟಿದ್ದ ಜಪಾನಿಗೆ ಸೈನ್ಯ ಸಾಗಿಸಲು ಹಳಿ ಬೇಕಿತ್ತು. ಕೊರಿಯನ್ನರ ಜಮೀನು ಕಿತ್ತುಕೊಂಡು, ಅವರನ್ನೇ ದುಡಿಸಿಕೊಂಡು ಸೋಲ್‌ನಿಂದ ಉತ್ತರಕ್ಕೆ ಹಾಕಿದ ಗ್ಯೊಂಗ್ವಿ ಮಾರ್ಗ 1906ರಲ್ಲಿ ಪೂರ್ತಿಯಾಯಿತು. 1911ರಲ್ಲಿ ಯಾಲು ನದಿಗೆ ಸೇತುವೆ ಬಿದ್ದ ಮೇಲೆ ಅದು ಮಂಚೂರಿಯಾಕ್ಕೂ, ಅಲ್ಲಿಂದ ಸೈಬೀರಿಯಾದ ರೈಲಿಗೂ ಕೂಡಿಕೊಂಡಿತು. ಕಟ್ಟಿದವರ ಉದ್ದೇಶ ಏನೇ ಇರಲಿ, ಹಳಿ ಬಿದ್ದ ಮೇಲೆ ಜನ ಅದನ್ನು ತಮ್ಮದು ಮಾಡಿಕೊಂಡರು. 1929ರಿಂದ ಸೋಲ್ ಮತ್ತು ಪ್ಯಾಂಗ್ಯಾಂಗ್ ತಂಡಗಳ ನಡುವೆ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಪಕ್ಕದೂರಿನವರ ನಡುವಿನ ಜಿದ್ದಾಜಿದ್ದಿ ಅದು.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಸನ್ ಕೀ ಚುಂಗ್ ಹುಟ್ಟಿದ್ದು ಈ ಮಾರ್ಗದ ಉತ್ತರದ ತುದಿಯ ಸಿನುಯಿಜುವಿನಲ್ಲಿ, ಓದಿದ್ದು ಸೋಲ್‌ನಲ್ಲಿ. ಬರ್ಲಿನ್‌ಗೆ ಅವರು ಹೋದದ್ದು ರೈಲಿನಲ್ಲಿ, ಮಂಚೂರಿಯಾ ದಾಟಿ, ಸೈಬೀರಿಯಾ ದಾಟಿ, ಸುಮಾರು ಎರಡು ವಾರ. ಎದೆಯ ಮೇಲೆ ಜಪಾನಿನ ಧ್ವಜ ಧರಿಸಿ ಓಡಬೇಕಾಯಿತು. ಪದಕ ಪಡೆಯುವಾಗ ಅವರು ತಲೆ ತಗ್ಗಿಸಿ ನಿಂತ ಚಿತ್ರದಿಂದ ಆ ಧ್ವಜವನ್ನು ಅಳಿಸಿ ಅಚ್ಚು ಹಾಕಿದ್ದಕ್ಕೆ ಸೋಲ್‌ನ ದೋಂಗ್ಆ ಇಲ್ಬೋ ಪತ್ರಿಕೆಯನ್ನೇ ಜಪಾನಿ ಆಡಳಿತ ನಿಲ್ಲಿಸಿತು. ಅವರು ಅಂದು 42 ಕಿಲೋಮೀಟರ್ ಓಡಿದ್ದು 2 ಗಂಟೆ 29 ನಿಮಿಷ 19 ಸೆಕೆಂಡುಗಳಲ್ಲಿ. ಸೋಲ್ ನಗರದ ನಡುವಿನಿಂದ ಇಂದಿನ ಗಡಿಗೆ ಇರುವ ದೂರ ಅದಕ್ಕಿಂತ ತುಸು ಹೆಚ್ಚು, ಅಷ್ಟೆ. ದೇಶ ಎರಡಾದ ಮೇಲೆ ಸನ್ ದಕ್ಷಿಣದಲ್ಲಿ ಉಳಿದರು, 2002ರಲ್ಲಿ ತೀರಿಕೊಂಡರು. ಬರ್ಲಿನ್‌ವರೆಗೆ ರೈಲಿನಲ್ಲಿ ಹೋಗಿದ್ದವರಿಗೆ ಹುಟ್ಟಿದೂರಿನ ರೈಲು ನಿಂತುಹೋಗಿತ್ತು.

ಆ ಗೆರೆ ಎಳೆದ ಕಥೆಯನ್ನು ಎಷ್ಟು ಸಲ ಓದಿದರೂ ಮೈ ಉರಿಯುತ್ತದೆ. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಗುವ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಇಬ್ಬರು ಸೇನಾಧಿಕಾರಿಗಳು, ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್, ಒಂದು ರಾತ್ರಿ ನ್ಯಾಷನಲ್ ಜಿಯೊಗ್ರಾಫಿಕ್‌ನ ನಕ್ಷೆ ಮುಂದಿಟ್ಟುಕೊಂಡು ಅರ್ಧ ಗಂಟೆಯಲ್ಲಿ 38ನೆಯ ಅಕ್ಷಾಂಶವನ್ನು ಆರಿಸಿದರು. ಸೋಲ್ ತಮ್ಮ ಕಡೆಗೆ ಇದ್ದರೆ ಸಾಕೆಂಬುದು ಅವರ ಯೋಚನೆ. ಆ ಕೋಣೆಯಲ್ಲಿ ಕೊರಿಯಾದವನೊಬ್ಬನೂ ಇರಲಿಲ್ಲ. 1950ರಿಂದ 1953ರವರೆಗಿನ ಯುದ್ಧದಲ್ಲಿ ಸೋಲ್ ನಾಲ್ಕು ಸಲ ಕೈ ಬದಲಾಯಿಸಿತು, ಪ್ಯಾಂಗ್ಯಾಂಗ್ ಬಾಂಬಿಗೆ ನೆಲಸಮವಾಯಿತು. ಕೊನೆಗೆ ಗೆರೆ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ಅದರ ಎರಡೂ ಕಡೆ ಎರಡೆರಡು ಕಿಲೋಮೀಟರ್ ಅಗಲಕ್ಕೆ ಯಾರೂ ಕಾಲಿಡದ ಪಟ್ಟಿ.

1950ರ ಕೊನೆಯ ದಿನ ಗ್ಯೊಂಗ್ವಿ ಮಾರ್ಗದ ಜಾಂಗ್‌ದಾನ್ ನಿಲ್ದಾಣದಲ್ಲಿ ಗುಂಡಿನ ಮಳೆಗೆ ಸಿಕ್ಕಿ ನಿಂತ ಉಗಿಬಂಡಿಯ ಇಂಜಿನ್ ಒಂದು ಅರ್ಧ ಶತಮಾನ ಆ ಪಟ್ಟಿಯೊಳಗೆ ಬಿದ್ದಿತ್ತು. ಈಗ ಅದನ್ನು ತುಕ್ಕು ಹರಡದಂತೆ ಹದಮಾಡಿ ಇಮ್ಜಿನ್ ನದಿಯ ಪಕ್ಕ ನಿಲ್ಲಿಸಿದ್ದಾರೆ. ಮೈಮೇಲೆ ಸಾವಿರಕ್ಕೂ ಹೆಚ್ಚು ಗುಂಡಿನ ತೂತು, ಸೊಟ್ಟಗಾದ ಗಾಲಿಗಳು. ಅದರ ಮೇಲೆ ಒಂದು ಹಿಪ್ಪುನೇರಳೆ ಗಿಡ ಬೇರೂರಿ ಬೆಳೆದಿತ್ತು. ಇಂಜಿನ್ ತಂದವರು ಆ ಗಿಡವನ್ನು ಬಿಸಾಡದೆ ಅದನ್ನೂ ತಂದು ಹತ್ತಿರದಲ್ಲೇ ನೆಟ್ಟಿದ್ದಾರೆ.

ಈ ಗೆರೆಯ ಮೇಲೆ ನಮ್ಮ ಕೊಡಗಿನವರೊಬ್ಬರು ನಿಂತಿದ್ದರು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ 1953ರಲ್ಲಿ ಯುದ್ಧಕೈದಿಗಳ ವಾಪಸಾತಿಗೆಂದು ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು. ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಸದಸ್ಯರು, ಕೈದಿಗಳ ಕಾವಲಿಗೆ ಭಾರತದ ಸೇನೆ. ಆ ಸೇನೆಗೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ತಮ್ಮ ನೆಲದ ಮೇಲೆ ಕಾಲಿಡಲೂ ಬಿಡಲಿಲ್ಲ. ಇಂಚಾನ್ ಬಂದರಿನ ಹಡಗಿನಿಂದ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ಗಡಿಪಟ್ಟಿಯೊಳಗೆ ಇಳಿಸಬೇಕಾಯಿತು. ಅಲ್ಲಿ ಡೇರೆಗಳಲ್ಲಿ ಇದ್ದವರು ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು. ಒಬ್ಬೊಬ್ಬರಿಗೂ ಅದೇ ಪ್ರಶ್ನೆ: ಮನೆಗೆ ಹೋಗುತ್ತೀಯೋ, ಇಲ್ಲವೋ? ಇಪ್ಪತ್ತರ ಹರೆಯದ ಹುಡುಗನೊಬ್ಬ ಡೇರೆಯೊಳಗೆ ಅಧಿಕಾರಿಗಳ ಮುಂದೆ ಕೂತು ಅಪ್ಪ ಅಮ್ಮನನ್ನು ಇನ್ನು ನೋಡಬೇಕೋ ಬೇಡವೋ ಎಂದು ಹೇಳಬೇಕು. ಎರಡೂ ಕಡೆಯವರು ತಿಮ್ಮಯ್ಯನವರನ್ನು ಅನುಮಾನದಿಂದ ನೋಡಿದರು. ಆ ಸ್ಥಿತಿಯಲ್ಲಿ ದೊಡ್ಡ ರಕ್ತಪಾತವಾಗದಂತೆ ತಿಂಗಳುಗಟ್ಟಲೆ ನಡೆಸಿದ್ದು ಅವರ ಸೈನಿಕ ಬದುಕಿನ ದೊಡ್ಡ ಸಾಧನೆ. ನಮ್ಮಲ್ಲಿ ಅದನ್ನು ನೆನೆಯುವವರು ಕಡಿಮೆ.

ಆ ಕೈದಿಗಳಲ್ಲಿ 88 ಮಂದಿ ಇತ್ತಲೂ ಬೇಡ, ಅತ್ತಲೂ ಬೇಡ ಎಂದರು. 1954ರ ಫೆಬ್ರುವರಿಯಲ್ಲಿ ಭಾರತದ ಸೈನಿಕರೊಂದಿಗೆ ಹಡಗು ಹತ್ತಿ ಮದ್ರಾಸಿಗೆ ಬಂದಿಳಿದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಕೆಲವರು ಭಾರತದಲ್ಲೇ ಉಳಿದರು. ಪ್ಯಾಂಗ್ಯಾಂಗಿಗೂ ಸೋಲ್‌ಗೂ ನಡುವೆ ತಮಗೊಂದು ಜಾಗ ಸಿಗದೆ ಭೂಮಿಯ ಆಚೆ ಬದಿಗೆ ಹೋಗಿ ನೆಲೆಸಿದವರು ಅವರು.

ನಂತರದ ವರ್ಷಗಳಲ್ಲಿ ಈ ದಾರಿಯನ್ನು ಬೇರೆ ಬೇರೆ ಜನ ತಮ್ಮ ತಮ್ಮ ರೀತಿಯಲ್ಲಿ ಅಳೆದಿದ್ದಾರೆ. 1989ರಲ್ಲಿ ಸೋಲ್‌ನ ವಿದ್ಯಾರ್ಥಿನಿ ಲಿಮ್ ಸು ಕ್ಯುಂಗ್ ಪ್ಯಾಂಗ್ಯಾಂಗಿನ ಯುವಜನೋತ್ಸವಕ್ಕೆ ಅಪ್ಪಣೆಯಿಲ್ಲದೆ ಹೋದಳು. ಟೋಕಿಯೊ, ಬರ್ಲಿನ್ ಸುತ್ತಿ ತಲುಪಿದಳು. ಮರಳುವಾಗ ಮಾತ್ರ ಸುತ್ತುದಾರಿ ಬೇಡವೆಂದು ಹಟ ಹಿಡಿದು, ಆಗಸ್ಟ್ 15ರಂದು ಪನ್ಮುಂಜೋಮ್‌ನಲ್ಲಿ ಪಾದ್ರಿಯೊಬ್ಬರ ಜೊತೆ ನಡೆದೇ ಗೆರೆ ದಾಟಿದಳು. ಆಚೆ ಕಾಲಿಟ್ಟ ಕೂಡಲೇ ಬಂಧನ, ಮೂರು ವರ್ಷಕ್ಕೂ ಮೀರಿದ ಸೆರೆವಾಸ. ಉತ್ತರದಿಂದ ತಪ್ಪಿಸಿಕೊಂಡು ದಕ್ಷಿಣ ಸೇರಿದ 34,000ಕ್ಕೂ ಹೆಚ್ಚು ಮಂದಿಯಲ್ಲಿ ಬಹುತೇಕರು ಬಂದದ್ದು ಚೀನಾದ ಉದ್ದಕ್ಕೂ ಅಡಗಿಕೊಂಡು, ಲಾವೋಸ್, ಥಾಯ್ಲೆಂಡ್ ಹಾದು, ಸಾವಿರಾರು ಕಿಲೋಮೀಟರ್ ಸುತ್ತಿ. 2017ರ ನವೆಂಬರಿನಲ್ಲಿ ಉತ್ತರದ ಸೈನಿಕನೊಬ್ಬ ಪನ್ಮುಂಜೋಮ್‌ನಲ್ಲೇ ಜೀಪು ಬಿಟ್ಟಿಳಿದು, ಬೆನ್ನಿಗೆ ಗುಂಡು ಹಾರುತ್ತಿರುವಾಗಲೇ ಓಡಿ ಈಚೆ ಬಂದು ಬಿದ್ದ. ಅವನಿಗೆ ಹಿಡಿದದ್ದು ಕೆಲವು ಸೆಕೆಂಡು.

ಇವರೆಲ್ಲರಿಗಿಂತ ನನಗೆ ಹತ್ತಿರವಾದವರು ಚುಂಗ್ ಜು ಯುಂಗ್. ಹ್ಯುಂಡೈ ಕಂಪನಿ ಕಟ್ಟಿದ ಈ ಮನುಷ್ಯ ಹುಟ್ಟಿದ್ದು 1915ರಲ್ಲಿ, ಈಗ ಉತ್ತರಕ್ಕೆ ಸೇರಿರುವ ತೋಂಗ್ಚೊನ್‌ನ ಬಡ ರೈತನ ಮನೆಯಲ್ಲಿ. ಹುಡುಗನಾಗಿದ್ದಾಗ ಅಪ್ಪ ಹಸು ಮಾರಿ ಇಟ್ಟಿದ್ದ ಹಣ ಕದ್ದು ಸೋಲ್‌ಗೆ ಓಡಿಬಂದ. ದೊಡ್ಡ ಶ್ರೀಮಂತನಾದ. 1998ರ ಜೂನ್ 16ರಂದು, 82ರ ಇಳಿವಯಸ್ಸಿನಲ್ಲಿ, ತನ್ನ ಸೊಸಾನ್ ಜಮೀನಿನಲ್ಲಿ ಸಾಕಿದ 500 ದನಗಳನ್ನು ಲಾರಿಗಳಲ್ಲಿ ಹೇರಿಸಿಕೊಂಡು ಪನ್ಮುಂಜೋಮ್ ಮೂಲಕ ಉತ್ತರಕ್ಕೆ ಹೊರಟ. ಒಂದು ಹಸುವಿನ ಸಾಲ ತೀರಿಸಲು ಹೋಗುತ್ತಿದ್ದೇನೆ ಎಂಬರ್ಥದ ಮಾತನ್ನು ಆಡಿದ. ಅಕ್ಟೋಬರಿನಲ್ಲಿ ಮತ್ತೆ 501. ಒಟ್ಟು 1,001. ಆ ಹೆಚ್ಚಿನ ಒಂದನ್ನು ನಾನು ಅಪ್ಪನ ಹಸುವೆಂದೇ ಎಣಿಸುತ್ತೇನೆ. ಆ ಲಾರಿಗಳ ಸಾಲು ದಾಟಿದ ಮೇಲೆ ಬಾಗಿಲು ನಿಜಕ್ಕೂ ಸ್ವಲ್ಪ ತೆರೆಯಿತು. ಕೇಸಾಂಗ್‌ನಲ್ಲಿ ಎರಡೂ ಕಡೆಯವರು ಕೂಡಿ ದುಡಿಯುವ ಕೈಗಾರಿಕಾ ವಲಯ 2004ರಲ್ಲಿ ಶುರುವಾಗಿ 2016ರವರೆಗೆ ನಡೆಯಿತು. ದಕ್ಷಿಣದ ವ್ಯವಸ್ಥಾಪಕರು ಗೆರೆ ದಾಟಿ ಕೆಲಸಕ್ಕೆ ಹೋಗಿಬರುತ್ತಿದ್ದರು. 2007ರ ಡಿಸೆಂಬರಿನಿಂದ ಸುಮಾರು ಒಂದು ವರ್ಷ ಗೂಡ್ಸ್ ರೈಲೂ ಓಡಿತು, ಬಹಳ ದಿನ ಖಾಲಿ ಡಬ್ಬಿಗಳನ್ನು ಎಳೆದುಕೊಂಡೇ. ದಕ್ಷಿಣದ ದೊರಾಸಾನ್ ನಿಲ್ದಾಣದಲ್ಲಿ ಒಂದು ಫಲಕವಿದೆ: ಒಂದು ಬಾಣ ಸೋಲ್‌ಗೆ 56 ಕಿಲೋಮೀಟರ್ ಎನ್ನುತ್ತದೆ, ಇನ್ನೊಂದು ಪ್ಯಾಂಗ್ಯಾಂಗಿಗೆ 205. ಪ್ಯಾಂಗ್ಯಾಂಗಿಗೆ ಟಿಕೆಟ್ ಕೊಡುವ ಕಿಟಕಿ ಇನ್ನೂ ತೆರೆದಿಲ್ಲ.

ಗಡಿಯಾರದ ಸಂಗತಿಯನ್ನೂ ಹೇಳಿಬಿಡಬೇಕು. 2015ರ ಆಗಸ್ಟ್ 15ರಂದು ಉತ್ತರ ಕೊರಿಯಾ ತನ್ನ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿ, ಪ್ಯಾಂಗ್ಯಾಂಗಿನದೇ ಬೇರೆ ವೇಳೆ ಮಾಡಿಕೊಂಡಿತು. ಸೋಲ್‌ನಲ್ಲಿ ಎಂಟು ಹೊಡೆದಾಗ ಅಲ್ಲಿ ಏಳೂವರೆ. 2018ರ ಆ ಏಪ್ರಿಲ್ ದಿನ ದಕ್ಷಿಣದ ಬದಿಯ ಭವನದ ಗೋಡೆಯ ಮೇಲೆ ಎರಡು ಗಡಿಯಾರ ಪಕ್ಕಪಕ್ಕ ನೇತಾಡುತ್ತಿದ್ದುದನ್ನು ನೋಡಿ ಕಿಮ್ ತಮಗೆ ನೋವಾಯಿತೆಂದರಂತೆ. ಮೇ 5ರಂದು ಉತ್ತರದ ಗಡಿಯಾರಗಳು ಅರ್ಧ ಗಂಟೆ ಮುಂದಕ್ಕೆ ಸರಿದವು. ಅಂದು ಕೊಟ್ಟ ಮಾತುಗಳಲ್ಲಿ ಉಳಿದುಕೊಂಡದ್ದು ಬಹುಶಃ ಅದೊಂದೇ.

ಉಳಿದದ್ದೆಲ್ಲ ಒಂದೊಂದಾಗಿ ಬಿತ್ತು. 2020ರ ಜೂನ್‌ನಲ್ಲಿ ಕೇಸಾಂಗ್‌ನ ಸಂಪರ್ಕ ಕಚೇರಿಯನ್ನು ಉತ್ತರ ಸ್ಫೋಟಿಸಿತು. 2023ರ ಕೊನೆಗೆ ಇನ್ನು ನಾವು ಒಂದು ಜನಾಂಗವಲ್ಲ, ಎರಡು ವೈರಿ ದೇಶಗಳು ಎಂದು ಕಿಮ್ ಸಾರಿದರು. ಪ್ಯಾಂಗ್ಯಾಂಗಿನ ಹೊರವಲಯದಲ್ಲಿ ಹೆದ್ದಾರಿಗೆ ಅಡ್ಡಲಾಗಿ ನಿಂತಿದ್ದ ಏಕೀಕರಣದ ಕಮಾನು 2024ರ ಜನವರಿಯಲ್ಲಿ ಕಾಣೆಯಾಯಿತು. ಅದೇ ವರ್ಷದ ಅಕ್ಟೋಬರ್ 15ರಂದು ಗಡಿಯ ಬಳಿ ರಸ್ತೆಯನ್ನೇ ಡೈನಮೈಟ್ ಇಟ್ಟು ಹಾರಿಸಿದರು. ಈ ರಸ್ತೆ, ಹಳಿಗಳನ್ನು ಕೂಡಿಸಲು ದಕ್ಷಿಣ ಕೊಟ್ಟಿದ್ದ ಸಾಲ 13 ಕೋಟಿ ಡಾಲರಿಗೂ ಹೆಚ್ಚು. ಹಣ ಹೋಗಲಿ. ರಸ್ತೆಯನ್ನು ಮತ್ತೆ ಹಾಕಬಹುದು, ಸೇತುವೆ ಕಟ್ಟಬಹುದು. ಕೊರಿಯಾದ ಇಂಜಿನಿಯರುಗಳಿಗೆ ಅದು ದೊಡ್ಡದಲ್ಲ.

ಮರಳಿ ಕಟ್ಟಲಾಗದ್ದು ಬೇರೆ ಇದೆ. ಆಚೆ ಉಳಿದ ಅಪ್ಪ, ಅಮ್ಮ, ಹೆಂಡತಿ, ಮಕ್ಕಳನ್ನು ಒಮ್ಮೆ ನೋಡಬೇಕೆಂದು ದಕ್ಷಿಣದಲ್ಲಿ ಹೆಸರು ನೋಂದಾಯಿಸಿದವರು 1,30,000ಕ್ಕೂ ಹೆಚ್ಚು. ಅವರಲ್ಲಿ ಈಗ ಬದುಕಿರುವವರು 40,000ಕ್ಕಿಂತ ಕಡಿಮೆ. ಉಳಿದವರಲ್ಲೂ ಹೆಚ್ಚಿನವರಿಗೆ 80 ದಾಟಿದೆ. 2000ದಿಂದ 2018ರವರೆಗೆ 21 ಸಲ ಮುಖಾಮುಖಿ ಭೇಟಿ ಏರ್ಪಟ್ಟಿತು. ಲಾಟರಿಯಲ್ಲಿ ಹೆಸರು ಬಂದವರಿಗಷ್ಟೇ ಭಾಗ್ಯ. 2018ರ ಆಗಸ್ಟ್‌ನ ಮೊದಲ ಸುತ್ತಿಗೆ ದಕ್ಷಿಣದಿಂದ ಹೋಗಲು ಸಿಕ್ಕಿದ್ದು 89 ಮಂದಿಗೆ.

ಅವರಲ್ಲಿ ಒಬ್ಬ ತಾಯಿಗೆ 92 ವರ್ಷ. ಯುದ್ಧದ ಓಟದಲ್ಲಿ ಕೈತಪ್ಪಿದ ನಾಲ್ಕು ವರ್ಷದ ಮಗನನ್ನು ನೋಡಲು ಬಂದಿದ್ದರು. ಎದುರಿಗೆ ಕೂತ ಮಗನಿಗೆ 71. ಮೂರು ದಿನಗಳಲ್ಲಿ ಅವರಿಗೆ ಒಟ್ಟು ಸಿಕ್ಕ ಹೊತ್ತು ಹನ್ನೆರಡು ಗಂಟೆಯಷ್ಟು, ಅದರಲ್ಲೂ ಹೆಚ್ಚಿನದು ಅಧಿಕಾರಿಗಳ ಕಣ್ಣೆದುರಿನ ದೊಡ್ಡ ಹಾಲಿನಲ್ಲಿ. ಇಂಥ ಭೇಟಿಗಳಿಗೆ ದಕ್ಷಿಣದವರು ಸೂಟ್‌ಕೇಸ್ ತುಂಬ ಒಯ್ಯುವುದು ದಪ್ಪನೆಯ ಚಳಿಯಂಗಿ, ಔಷಧ, ಟೂತ್‌ಪೇಸ್ಟ್, ಸಿಹಿತಿಂಡಿ. ಅಷ್ಟು ವರ್ಷಗಳಲ್ಲಿ ಕೊಡಲಾಗದ್ದನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬುವ ಪ್ರಯತ್ನ. ಬಸ್ಸು ಹೊರಡುವಾಗ ಒಳಗಿನವರು ಗಾಜಿನ ಮೇಲೆ ಅಂಗೈ ಒತ್ತುತ್ತಾರೆ, ಹೊರಗಿನವರು ಅದೇ ಜಾಗಕ್ಕೆ ತಮ್ಮ ಅಂಗೈ ಒತ್ತುತ್ತಾರೆ. ಮತ್ತೆ ಕಾಗದವಿಲ್ಲ, ಫೋನಿಲ್ಲ. ಸತ್ತ ಸುದ್ದಿಯೂ ಬಾರದು. ಆ ಭೇಟಿಗಳಿಗೆಂದೇ ಕುಮ್‌ಗಾಂಗ್ ಬೆಟ್ಟದಲ್ಲಿ ದಕ್ಷಿಣದ ಹಣದಿಂದ 2008ರಲ್ಲಿ ಕಟ್ಟಿದ್ದ ಭವನವನ್ನು ಉತ್ತರ 2025ರಲ್ಲಿ ಕೆಡವತೊಡಗಿತು.

ಇದನ್ನು ಪ್ಯಾಂಗ್ಯಾಂಗಿನ ಕಠೋರತೆ ಎಂದು ಬರೆದು ಸುಮ್ಮನಾಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೆಚ್ಚಿನ ಪಾಲು ಅದೇ ನಿಜ. ಆದರೆ ಅಜ್ಜ ಅಜ್ಜಿಯರ ಈ ಭೇಟಿ ಎರಡೂ ಕಡೆ, ಎಲ್ಲ ಕಾಲದಲ್ಲೂ, ಬೇರೆ ಮಾತುಕತೆಗಳು ಸರಿಹೋದರೆ ಸಿಗುವ ಬಹುಮಾನದಂತೆ ನಡೆದುಕೊಂಡು ಬಂತು. ಅಕ್ಕಿ, ಗೊಬ್ಬರ, ಕ್ಷಿಪಣಿ, ಸಮರಾಭ್ಯಾಸ ಎಲ್ಲದರ ಲೆಕ್ಕ ಮುಗಿದ ಮೇಲೆ ಇದರ ಸರದಿ. ಇದು ಮೊದಲು ಆಗಬೇಕಿತ್ತು, ಯಾವ ಶರತ್ತೂ ಇಲ್ಲದೆ. ಎರಡು ದೇಶಗಳು ಎಂದೇ ಇಟ್ಟುಕೊಳ್ಳಿ, ವೈರಿಗಳೆಂದೇ ಇಟ್ಟುಕೊಳ್ಳಿ. ವೈರಿ ದೇಶಗಳ ನಡುವೆಯೂ ಟಪಾಲು ಹೋಗಿಬಂದ ಉದಾಹರಣೆ ಜಗತ್ತಿನಲ್ಲಿ ಬೇಕಾದಷ್ಟಿದೆ.

ದಕ್ಷಿಣದ ಸರ್ಕಾರ 2005ರಿಂದ ಈ ಹಿರಿಯರ ವಿಡಿಯೊ ಪತ್ರಗಳನ್ನು ಚಿತ್ರೀಕರಿಸಿ ಇಡುತ್ತಿದೆ. ಒಬ್ಬೊಬ್ಬರೂ ಕ್ಯಾಮೆರಾದ ಮುಂದೆ ಕೂತು, ಆಚೆಯ ತಮ್ಮವರನ್ನು ಹೆಸರು ಹಿಡಿದು ಕರೆದು ಹೇಳಬೇಕಾದ್ದನ್ನು ಹೇಳಿದ್ದಾರೆ. 2014ರಿಂದ ಅವರ ಡಿಎನ್‌ಎ ಮಾದರಿಯನ್ನೂ ತೆಗೆದಿಡುತ್ತಿದ್ದಾರೆ, ತಾವು ಸತ್ತ ಮೇಲೂ ಮಕ್ಕಳು ಮೊಮ್ಮಕ್ಕಳು ಒಬ್ಬರನ್ನೊಬ್ಬರು ಗುರುತಿಸಲೆಂದು. ಹಾಗೆ ಮಾತಾಡಿ ಎದ್ದು ಹೋದವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಅವರ ಮಾತು ಸೋಲ್‌ನ ಸರ್ಕಾರಿ ಕಪಾಟಿನಲ್ಲಿದೆ. ಅದನ್ನು ಪ್ಯಾಂಗ್ಯಾಂಗಿಗೆ ಮುಟ್ಟಿಸಲು ಹಳಿ ಬೇಕಿಲ್ಲ, ಸೇತುವೆ ಬೇಕಿಲ್ಲ, ಪನ್ಮುಂಜೋಮ್‌ನಲ್ಲಿ ಒಬ್ಬ ಅಧಿಕಾರಿ ಇನ್ನೊಬ್ಬನ ಕೈಗೆ ಒಂದು ಪೆಟ್ಟಿಗೆ ಕೊಟ್ಟರೆ ಸಾಕು. ಆಚೆ ಕೇಳಿಸಿಕೊಳ್ಳಬೇಕಾದ ಅಣ್ಣ ತಮ್ಮಂದಿರಿಗೂ ಎಂಬತ್ತು ತೊಂಬತ್ತಾಗಿದೆ. ಕೊಡುವುದಾದರೆ ಈ ವರ್ಷವೇ ಕೊಡಲಿ.